ಯಾರ ಮನೆಯ ಒಲೆ

ಹೊಸದೋ ಹಳೆಯದೋ ಎಂದು ಯೋಚಿಸಲು ಕೂತರೆ ಜಯರಾಮ್ ಬೇಗ ಏಳುವ ಆಸಾಮಿಯಲ್ಲ. ಕಾರು ಕೊಳ್ಳುವಾಗ ಅಂಗಡಿಯವನೇ ಸುಸ್ತಾಗಿ, ‘ನಿಮಗೆ ಕಾರು ಬೇಕೇ ಬೇಕೆ?’ ಎಂದು ಕೇಳಿದ್ದನಂತೆ. ಆದರೆ ೧೯೮೮ರ ಚಳಿಗಾಲದಲ್ಲಿ ಅವನಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ಹೆಂಡತಿ ಚಂದ್ರಕಲಾಳಿಗೆ ದಿನ ತುಂಬುತ್ತಿತ್ತು. ಅವಳಿಗೆ ತಾಯಿ ಇಲ್ಲದ್ದರಿಂದ ಬಾಣಂತನಕ್ಕೆಂದು ಜಯರಾಮನ ತಾಯಿ ತಾಯಮ್ಮ ಮಂಡ್ಯದಿಂದ ಬಂದು ಅಮೆರಿಕದ ಸ್ಯಾನ್ ರಮೋನಿನ ಆ ಮನೆಯಲ್ಲಿ ಎರಡು ಸ್ವೆಟರು, ಒಂದು ಶಾಲು, ತಲೆಗೊಂದು ಮಫ್ಲರು ಸುತ್ತಿಕೊಂಡು ನಡುಗುತ್ತ ಕೂತಿದ್ದಳು.

“ನಂಗೇನಾರ ಆಗ್ಲಿ ಬುಡು. ಹಸೀ ಬಾಣಂತೀನ, ಎಳೇ ಕೂಸ್ನ ಈ ಐಸ್‌ಪೆಟ್ಗೇಲಿ ಮಡಿಕಂಡಿಯೇನ್ಲಾ?” ಎಂದು ಅವಳು ಮಗನನ್ನು ದಿನಾ ಕೇಳುತ್ತಿದ್ದಳು.

ಮನೆಯ ಹೀಟರು ಹೆಸರಿಗೆ ಮಾತ್ರ ಇತ್ತು. ಹಾಲಿನ ಗೋಡೆಯಲ್ಲಿ ಫೈರ್‌ಪ್ಲೇಸಿನ ಗೂಡಿತ್ತು; ಅದರಲ್ಲಿ ಕಟ್ಟಿಗೆ ಉರಿಸಿದರೆ ಬಿಸಿಯೆಲ್ಲ ಚಿಮಣಿಯಲ್ಲಿ ಮೇಲಕ್ಕೆ ಹೋಗಿ ಆಕಾಶವನ್ನು ಬೆಚ್ಚಗಿಡುತ್ತಿತ್ತು. ಆಗ ಆಫೀಸಿನಲ್ಲಿ ಯಾರೋ ಪೆಲೆಟ್ ಸ್ಟೋವಿನ ವಿಷಯ ಹೇಳಿದರು. ಗೂಡಿನೊಳಗೇ ಕೂರಿಸುವ ಕಬ್ಬಿಣದ ಒಲೆ. ಮರದ ಹುಡಿಯನ್ನು ಒತ್ತಿ ಮಾಡಿದ ಗುಳಿಗೆಗಳನ್ನು ತುಂಬಿಸಿದರೆ ತಾನೇ ಸ್ವಲ್ಪ ಸ್ವಲ್ಪವಾಗಿ ಬೀಳಿಸಿಕೊಂಡು ಉರಿಯುತ್ತದೆ. ಒಂದು ಫ್ಯಾನು ಹೊಗೆಯನ್ನು ಹೊರಗೆ ತಳ್ಳುತ್ತದೆ, ಇನ್ನೊಂದು ಬಿಸಿಗಾಳಿಯನ್ನು ಮನೆಯೊಳಗೆ ಊದುತ್ತದೆ. ಎರಡಕ್ಕೂ ಕರೆಂಟು ಬೇಕು.

ಗಂಡಹೆಂಡಿರು ಅಂಗಡಿಗೆ ಹೋಗಿ ನೋಡಿದರು. ಹೊಸದು ಹೊಳೆಯುತ್ತಿತ್ತು. ಆದರೆ ಸ್ಟಾಕಿಲ್ಲ, ಬರುವುದು ಹೊಸ ವರ್ಷ ಕಳೆದ ಮೇಲೆ. “ನಮ್ಮವನೇ ಬಂದು ಕೂರಿಸುತ್ತಾನೆ. ಮನೆಯಲ್ಲಿ ಯಾರು ಯಾರು ಇದನ್ನು ಮುಟ್ಟುತ್ತಾರೋ ಅವರನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡು, ಹಚ್ಚುವುದು ಆರಿಸುವುದು ಕಲಿಸದೆ ಬರುವುದಿಲ್ಲ,” ಎಂದ ಅಂಗಡಿಯವನು.

ಚಂದ್ರಕಲಾ ಅಷ್ಟಕ್ಕೇ ಒಪ್ಪಿಕೊಂಡಳು. “ರೀ, ಹೊಸದೇ ತಗೊಳ್ಳೋಣ. ಅಲ್ಲೀತನಕ ಎಲೆಕ್ಟ್ರಿಕ್ ಹೀಟರು ಇಟ್ಕೊಂಡ್ರಾಯ್ತು. ಅತ್ತೆಗೂ ಅವರೇ ಬಂದು ತೋರಿಸ್ತಾರೆ.”

“ಎರಡು ಹೀಟರ್ ಹಾಕಿದ್ರೆ ಬ್ರೇಕರ್ ಟ್ರಿಪ್ ಆಗತ್ತೆ ಚಂದ್ರಾ. ಮಗು ಜನವರಿತನಕ ಕಾಯತ್ತಾ? ಪೇಪರಲ್ಲಿ ಒಂದು ಯೂಸ್ಡ್ ಇದೆ. ನೋಡ್ಕೊಂಡು ಬರ್ತೀನಿ.”

ನೋಡಿಕೊಂಡು ಬರಲು ಅವನು ಒಬ್ಬನೇ ಹೋದ. ಅವಳಿಗೆ ಕಾರಿನಲ್ಲಿ ಅಷ್ಟು ದೂರ ಕೂರುವುದು ಆಗುತ್ತಿರಲಿಲ್ಲ.

ಒಲೆ ಮಾರುತ್ತಿದ್ದವನು ರೆಡ್‌ವುಡ್ ಸಿಟಿಯ ವಾಲ್ಟರ್ ಎಂಬ ಮುದುಕ. ಒಲೆಯ ಎದುರಿಗೆ ಒಂದು ಕುರ್ಚಿ, ಕುರ್ಚಿಯ ಬೆನ್ನಿಗೆ ಹೆಂಗಸಿನ ನೀಲಿ ಸ್ವೆಟರು. “ನನ್ನ ಹೆಂಡತಿಗೆ ಚಳಿ ತಡೆಯುತ್ತಿರಲಿಲ್ಲ. ಅವಳಿಗೆಂದೇ ಇದನ್ನು ತಂದೆ. ಕೊನೆಗೆ ಇದರ ಎದುರಿಗೇ ಹೋದಳು. ಕ್ಯಾನ್ಸರು,” ಎಂದ. ಆಮೇಲೆ ಕಣ್ಣೊರೆಸಿಕೊಂಡು ನೆಲಕ್ಕೆ ಮಂಡಿಯೂರಿ ಒಲೆಯನ್ನು ತೋರಿಸತೊಡಗಿದ. ಹೊಗೆ ಸೋರದಂತೆ ಒಲೆಯ ಬಾಗಿಲಿನ ಸುತ್ತ ಬಿಗಿದಿರುವ ಹಗ್ಗ ಸವೆದಿದೆ, ಹೊಸದು ಹಾಕಲೇಬೇಕು. ಆಫ್ ಗುಂಡಿ ಒತ್ತಿದ ಮೇಲೂ ಫ್ಯಾನು ಬಹಳ ಹೊತ್ತು ತಿರುಗುತ್ತದೆ. ಒಳಗೆ ಕೆಂಡವಿರುವಷ್ಟು ಹೊತ್ತು ಹೊಗೆಯನ್ನು ಆಚೆ ತಳ್ಳುತ್ತಿರಬೇಕು. ಅದು ತಾನೇ ನಿಲ್ಲುವ ಮೊದಲು ಯಾವ ಕಾರಣಕ್ಕೂ ಕರೆಂಟು ತೆಗೆಯಬಾರದು. “ನಾನೇ ಬಂದು ಕೂರಿಸಿ ಕೊಡುತ್ತೇನೆ. ಮನೆಯಲ್ಲಿ ಯಾರು ಹಚ್ಚುತ್ತಾರೆ, ನಿಮ್ಮ ತಾಯಿಯೆ? ಅವರಿಗೂ ತೋರಿಸುತ್ತೇನೆ,” ಎಂದ.

ಜಯರಾಮ್ ಬೇಡ ಎಂದ.

ಯಾಕೆ ಬೇಡ ಎಂದನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನನ್ನು ಬರೀ ಜುಗ್ಗ ಅಂದುಕೊಂಡೀರಿ. ತಾಯಮ್ಮನ ಕಡೆಯವರು ಸಾವಾದ ಮನೆಯ ಒಲೆಯನ್ನು ಮುಟ್ಟುವವರಲ್ಲ. ಸೂತಕ ಕಳೆಯುವತನಕ ಆ ಮನೆಯಿಂದ ಒಂದು ಕೆಂಡ ಕೂಡ ತರುವುದಿಲ್ಲ. ಅಂಥದರಲ್ಲಿ ಒಲೆಯನ್ನೇ ಕಿತ್ತು ತಂದು ಬಾಣಂತಿಯ ಮನೆಯಲ್ಲಿ ಇಡುವುದೆಂದರೆ! ವಾಲ್ಟರ್ ಮನೆಗೆ ಬಂದರೆ ಹೆಂಡತಿಯ ಸುದ್ದಿ ಎತ್ತದೆ ಇರುವವನಲ್ಲ. ಅವನ ಮುಖ ನೋಡಿದರೆ ಸಾಕು, ಇಂಗ್ಲಿಷು ಬಾರದ ತಾಯಮ್ಮನಿಗೂ ಅರ್ಥವಾಗಿಬಿಡುತ್ತಿತ್ತು. ಆಮೇಲೆ ಒಲೆ ಬೀದಿಗೆ, ಮಗು ಚಳಿಗೆ. ಹೀಗೆಲ್ಲ ಲೆಕ್ಕ ಹಾಕಿ ಆ ಬುದ್ಧಿವಂತ ಎಂಜಿನಿಯರು, ನಾನೇ ಎಲ್ಲ ಮಾಡಿಕೊಳ್ಳುತ್ತೇನೆ ಎಂದು ಹೇಳಿ, ಗೆಳೆಯನ ಪಿಕಪ್ಪಿನಲ್ಲಿ ಒಲೆ ಹೇರಿಸಿಕೊಂಡು ಬಂದ.

ತಾಯಮ್ಮ ಬಾಗಿಲಲ್ಲೇ ನಿಂತಿದ್ದಳು. “ಯಾರ ಮನೇದ್ಲಾ ಇದು?”

“ಆಫೀಸಿನೋರದು ಕಣವ್ವ. ಮನೆ ಖಾಲಿ ಮಾಡ್ತಾವ್ರೆ, ಅದುಕ್ಕೆ ಮಾರುದ್ರು.”

“ಚೆನ್ನಾಗಿ ಬಾಳಿರೋ ಮನೇದು ತಾನೆ?”

“ಚೆನ್ನಾಗೇ ಬಾಳವ್ರೆ.”

ತಾಯಮ್ಮ ಒಲೆಗೆ ಅರಿಶಿನ ಕುಂಕುಮ ಇಟ್ಟು ಒಳಗೆ ಬಿಟ್ಟುಕೊಂಡಳು. ಚಂದ್ರಕಲಾಳೂ ಗಂಡನ ಮಾತನ್ನೇ ನಂಬಿದಳು.

ಮರುವಾರ ಹೆಣ್ಣುಮಗು ಹುಟ್ಟಿತು. ಹಾಲಿನಲ್ಲೇ, ಒಲೆಗೆ ಹತ್ತಿರವಾಗಿ ಬಾಣಂತಿಯ ಮಂಚ ಬಿತ್ತು. ಅಲ್ಲಿಂದ ಮುಂದೆ ಆ ಮನೆಯ ಯಜಮಾನಿಕೆ ತಾಯಮ್ಮನದು. ಗುಳಿಗೆಯ ಚೀಲ ಬಿಚ್ಚಿದಾಗ, “ಇದೇನ್ಲಾ, ದನೀಗ್ ಹಾಕೋ ಹಿಂಡಿ ಇದ್ದಂಗೈತಲ್ಲ!” ಎಂದು ನಕ್ಕಳು. ಹಚ್ಚುವುದಕ್ಕೆಂದು ಜಯರಾಮ್ ತಂದ ಡಬ್ಬಿಯನ್ನು ಮುಟ್ಟದೆ ಎರಡು ಬಿಲ್ಲೆ ಕರ್ಪೂರದಲ್ಲೇ ಒಲೆ ಹಚ್ಚಿದಳು. ಬಾಣಂತಿಗೆ ಗಾಳಿ ಸೋಕಬಾರದಲ್ಲ, ಹಳೆಯ ಸೀರೆಗಳನ್ನು ಹರಿದು ಕಿಟಕಿಯ ಸಂದಿಗೆ, ಗಾಜಿನ ಬಾಗಿಲ ಅಡಿಗೆ, ಕೊನೆಗೆ ಬೀಗದ ತೂತಿಗೂ ತುರುಕಿದಳು. ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಾಕಿದಾಗ ಸೂರಿನಲ್ಲಿದ್ದ ಸ್ಮೋಕ್ ಅಲಾರಮ್ಮು ಕಿರುಚಿಕೊಂಡಿತು. ಸಾರಿಗೆ ಒಗ್ಗರಣೆ ಹಾಕಿದಾಗ ಮತ್ತೆ ಕಿರುಚಿತು. ಮಗು ಬೆಚ್ಚಿಬಿದ್ದು ಅತ್ತಿತೆಂದು ಜಯರಾಮ್ ಸ್ಟೂಲು ಹತ್ತಿ ಅದರ ಬ್ಯಾಟರಿ ಕಿತ್ತುಹಾಕಿದ. ಆ ಕಾಲದಲ್ಲಿ ಅಲ್ಲಿದ್ದ ನಮ್ಮವರ ಮನೆಗಳಲ್ಲಿ ಬ್ಯಾಟರಿ ಇದ್ದ ಅಲಾರಮ್ಮನ್ನು ನಾನಂತೂ ಕಂಡಿಲ್ಲ.

ತಾಯಮ್ಮನಿಗೆ ಇನ್ನೊಂದು ಅಭ್ಯಾಸವಿತ್ತು. ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚು ಆರಿಸದೆ ಅವಳು ಆ ಕೋಣೆಯಿಂದ ಆಚೆ ಬರುತ್ತಿರಲಿಲ್ಲ. ಅಮೆರಿಕದ ಪ್ಲಗ್ಗಿಗೆ ಸ್ವಿಚ್ಚೇ ಇಲ್ಲದ್ದನ್ನು ಕಂಡು ಕಂಗಾಲಾಗಿದ್ದಳು. ಅವಳ ಸಮಾಧಾನಕ್ಕೆ ಜಯರಾಮ್ ಹಾಲಿಗೊಂದು, ಅಡುಗೆಮನೆಗೊಂದು ಕೆಂಪು ಸ್ವಿಚ್ಚಿನ ಎಕ್ಸ್‌ಟೆನ್ಷನ್ ಬಾಕ್ಸು ತಂದುಕೊಟ್ಟಿದ್ದ. ಅಂದಿನಿಂದ ಟೀವಿ, ದೀಪ, ಇಸ್ತ್ರಿಪೆಟ್ಟಿಗೆ ಯಾವುದಕ್ಕೂ ಅವಳಿಂದ ರಿಯಾಯಿತಿ ಇರಲಿಲ್ಲ. ಒಂದು ಸಲ ಫ್ರಿಜ್ಜನ್ನೇ ಆರಿಸಿ ಹಾಲೆಲ್ಲ ಒಡೆದು, ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಒಲೆಯ ಪ್ಲಗ್ಗನ್ನು ಜಯರಾಮ್ ಸಿಕ್ಕಿಸಿದ್ದು ಹಾಲಿನ ಆ ಬಾಕ್ಸಿಗೇ.

ಅವನು ಅವ್ವನಿಗೆ ಏನೂ ಹೇಳಿಕೊಡಲಿಲ್ಲ ಎಂದಲ್ಲ. “ಈ ಗುಂಡಿ ಆನು, ಈ ಗುಂಡಿ ಆಫು,” ಎಂದು ಹೇಳಿ ಆಫೀಸಿಗೆ ಹೋದ. ಫ್ಯಾನಿನ ಮಾತು ಸಂಜೆ ಬಂದು ಹೇಳಿದರಾಯಿತು ಅಂದುಕೊಂಡ. ಸಂಜೆ ಫ್ರೀವೇಯಲ್ಲಿ ಬಸವಳಿದು ಬಂದವನಿಗೆ ಮಗುವಿನ ಮುಖ ಬಿಟ್ಟು ಬೇರೇನೂ ನೆನಪಾಗಲಿಲ್ಲ. ಬಾಗಿಲ ಹಗ್ಗವೂ ಹಾಗೇ ಉಳಿಯಿತು. ಹಗಲೂ ರಾತ್ರಿ ಒಲೆ ಉರಿಯುತ್ತಲೇ ಇದ್ದದ್ದರಿಂದ ಆರಿಸುವ ಪ್ರಸಂಗವೇ ಬರಲಿಲ್ಲ. ವಾಲ್ಟರ್ ಆಫೀಸಿಗೆ ಫೋನು ಮಾಡಿ, ಹಗ್ಗ ನಾನೇ ತಂದಿದ್ದೇನೆ, ಬಂದು ಹಾಕಿಕೊಡಲೆ ಎಂದು ಕೇಳಿದ. “ಆಗಲೇ ಹಾಕಿಸಿದೆ,” ಎಂದ ಜಯರಾಮ್. ಒಂದು ಸುಳ್ಳನ್ನು ಕಾಯಲು ಎಷ್ಟು ಸುಳ್ಳಿನ ಚಾಕರಿ ಮಾಡಬೇಕಾಗುತ್ತದೆ ನೋಡಿ.

ಮಗುವನ್ನು ಡಾಕ್ಟರಿಗೆ ತೋರಿಸುವ ದಿನ ಬಂತು. ಮಧ್ಯಾಹ್ನ ಜಯರಾಮ್ ರಜ ಹಾಕಿ ಬಂದು ಹೆಂಡತಿ, ಮಗುವನ್ನು ಕರೆದುಕೊಂಡು ಹೊರಟ. ತಾಯಮ್ಮ ಸೊಸೆಯ ಕಿವಿಗೆ ಹತ್ತಿ ಇಟ್ಟು, ಮಗುವಿನ ಹಣೆಗೆ ಕಾಡಿಗೆಬೊಟ್ಟು ಇಟ್ಟು ಕಳಿಸಿದಳು.

“ಅತ್ತೆ, ಒಲೆ ಉರೀತಿರ್ಲಿ, ನೀವು ಬೆಚ್ಚಗೆ ಮಲಗಿ,” ಎಂದಳು ಚಂದ್ರಕಲಾ.

“ಆಯ್ತು ಓಗ್ ಬಾರವ್ವ.”

ಆಮೇಲೆ ಏನಾಯಿತೆಂದು ಕಂಡವರಿಲ್ಲ. ಆದರೆ ತಾಯಮ್ಮನನ್ನು ಬಲ್ಲವರಿಗೆ ಕಾಣಬೇಕಾದ್ದೂ ಇಲ್ಲ. ಬಾಣಂತಿ ಇಲ್ಲ, ಕೂಸಿಲ್ಲ. ತನ್ನೊಬ್ಬಳಿಗಾಗಿ ಅಷ್ಟು ದೊಡ್ಡ ಒಲೆ ಉರಿಯುವುದೆ? ಆಫ್ ಗುಂಡಿ ಒತ್ತಿದಳು. ಫ್ಯಾನು ನಿಲ್ಲಲಿಲ್ಲ. ಆರಿಸಿದರೂ ಕರೆಂಟು ತಿನ್ನುತ್ತಲೇ ಇದೆಯಲ್ಲ ಎಂದು ಬಾಕ್ಸಿನ ಕೆಂಪು ಸ್ವಿಚ್ಚನ್ನೇ ಆರಿಸಿದಳು. ಒಳಗಿನ ಕೆಂಡದಿಂದ ಕಬ್ಬಿಣ ಇನ್ನೂ ಹಿತವಾಗಿ ಬಿಸಿಯಿತ್ತು. ಊರಿನಲ್ಲಿ ಆರುತ್ತಿರುವ ಒಲೆಯ ಪಕ್ಕ ಮಲಗುತ್ತಿದ್ದ ಹಾಗೆ ಕಂಬಳಿ ತಂದು ಒಲೆಯ ಬಾಯಿಗೆ ಹತ್ತಿರವಾಗಿ ಹಾಸಿಕೊಂಡು ಮಲಗಿದಳು. ಹೇಗೂ ದಂಡವಾಗುವ ಬಿಸಿ ತಾನೇ.

ಅವರು ಬಂದಾಗ ಇನ್ನೂ ಬೆಳಕಿತ್ತು. ಬಾಗಿಲು ತೆಗೆಯುತ್ತಲೇ ಹೊಗೆಯ ವಾಸನೆ ಮುಖಕ್ಕೆ ಹೊಡೆಯಿತು. ತಾಯಮ್ಮ ಮಗ್ಗುಲಾಗಿ, ಅಂಗೈಯನ್ನು ಕೆನ್ನೆಯಡಿ ಇಟ್ಟುಕೊಂಡು ಮಲಗಿದ್ದಳು. ಜಯರಾಮ್, “ಅವ್ವ, ಅವ್ವ,” ಎಂದು ಅಲುಗಿಸಿದ. ಚಂದ್ರಕಲಾ ಮಗುವನ್ನು ಎದೆಗೊತ್ತಿಕೊಂಡು ಹುಲ್ಲುಹಾಸಿನ ಮೇಲೆ ಓಡಿ ನಿಂತು ಕಿರುಚಿದಳು. ಪಕ್ಕದ ಮನೆಯವರು ಫೋನು ಮಾಡಿದರು.

ಬಂದ ಅಗ್ನಿಶಾಮಕದವರು ಬಾಗಿಲ ಸಂದಿಯಿಂದ ಸೀರೆ ಚೂರುಗಳನ್ನು ಒಂದೊಂದಾಗಿ ಎಳೆದು ತೆಗೆದರು. ಅವರಲ್ಲೊಬ್ಬ ಸಮಾಧಾನವಾಗಿಯೇ ಹೇಳಿದ: ಕೆಂಡ ಇರುವಾಗ ಫ್ಯಾನು ನಿಂತಿದೆ, ಹೊಗೆ ಮೇಲಕ್ಕೆ ಹೋಗಿಲ್ಲ, ಸವೆದ ಹಗ್ಗದ ಸಂದಿಯಿಂದ ಒಳಗೆ ಬಂದಿದೆ. ಹೊಗೆಗಿಂತ ಮೊದಲು ವಾಸನೆಯಿಲ್ಲದ ವಿಷಗಾಳಿ ಬಂದಿದೆ. ಅವರಿಗೆ ಎಚ್ಚರವೇ ಆಗಿರಲಿಕ್ಕಿಲ್ಲ. ಆಮೇಲೆ ಅವನು ಸೂರಿನ ಅಲಾರಮ್ಮಿನ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದ.

ತಾಯಮ್ಮನನ್ನು ಸುಟ್ಟದ್ದೂ ಒಂದು ಮುಚ್ಚಿದ ಒಲೆಯಲ್ಲೇ. ಮನೆಯಲ್ಲಿ ಬೆಂಕಿ ಹಚ್ಚುವಂತಿರಲಿಲ್ಲವಾದ್ದರಿಂದ ಸುತ್ತಲ ಕನ್ನಡದವರು ಅನ್ನ ಸಾರು ತಂದುಕೊಟ್ಟರು. ಎಲ್ಲರೂ ಒಂದೇ ಮಾತು ಹೇಳಿ ಹೋದರು: ಪಾಪ, ಹಳ್ಳಿಯ ಹೆಂಗಸು, ಗೊತ್ತಾಗಲಿಲ್ಲ. ಆ ಮಾತಿಗೆ ಜಯರಾಮ್ ತಲೆಯಾಡಿಸುತ್ತಿದ್ದ. ಆ ತಲೆಯಾಡಿಸಿದ್ದನ್ನು ಮಾತ್ರ ನಾನು ಅವನಿಗೆ ಮನ್ನಿಸಲಾರೆ.

ಒಂದು ಬೆಳಿಗ್ಗೆ ಜಯರಾಮ್ ಸ್ನಾನಕ್ಕೆ ಹೋಗಿದ್ದಾಗ ವಾಲ್ಟರ್ ಬಂದ. ಸುದ್ದಿ ಅವನಿಗೆ ಪೇಪರಿನಿಂದ ತಿಳಿದಿತ್ತು. ಕೈಯಲ್ಲಿ ಬಿಳಿಯ ಹಗ್ಗದ ಸುರುಳಿ. ಅದನ್ನು ಯಾಕೆ ತಂದೆನೆಂದು ಅವನಿಗೇ ಗೊತ್ತಿದ್ದಂತೆ ಕಾಣಲಿಲ್ಲ. “ಹಗ್ಗ ಹಾಕಿಸಿದೆ ಎಂದರು ನಿಮ್ಮ ಗಂಡ. ನಾನೇ ಬಂದು ನಿಮ್ಮ ಅತ್ತೆಗೆ ತೋರಿಸುತ್ತೇನೆ ಎಂದು ಎಷ್ಟು ಕೇಳಿದೆ. ಫ್ಯಾನಿನ ವಿಷಯ ನಿಮ್ಮ ಗಂಡನಿಗೆ ಹೇಳಿದ್ದೆನಲ್ಲ,” ಎಂದು ಅತ್ತ. ಆಮೇಲೆ ತನ್ನ ಹೆಂಡತಿಯ ಕತೆಯನ್ನೂ ಹೇಳಿದ. ಚಂದ್ರಕಲಾ ಅವನಿಗೆ ನೀರು ಕೊಟ್ಟು ಕಳಿಸಿದಳು.

ಗಂಡ ಬಂದಾಗ ಅವಳು ಕೇಳಿದ್ದು ಒಂದೇ. “ಅತ್ತೆ ಬಾಗಿಲಲ್ಲಿ ನಿಂತ್ಕೊಂಡು ಯಾರ ಮನೇದು ಅಂದ್ರಲ್ಲ. ನಿಜ ಹೇಳಿದ್ರೆ ಏನಾಗ್ತಿತ್ತು?”

“ಬೇಡ ಅಂತಿದ್ಲು. ವಾಪಸ್ ತಗೊಂಡ್ ಹೋಗು ಅಂತಿದ್ಲು.”

“ಹೂಂ. ಬೇಡ ಅಂತಿದ್ರು,” ಎಂದು ಅವಳು ಮಗುವನ್ನೆತ್ತಿಕೊಂಡು ಒಳಗೆ ಹೋದಳು.

ಒಲೆಯನ್ನು ಕಣ್ಣೆದುರಿನಿಂದ ತೆಗೆಯಬೇಕೆಂದು ಜಯರಾಮ್ ಪೇಪರಿಗೆ ಜಾಹೀರಾತು ಕೊಟ್ಟ. ಭಾನುವಾರ ಫೋನು ಬಂತು. ಅತ್ತ ಕಡೆ ಒಬ್ಬ ಹೆಂಗಸು. ಹೊಸದು ಕೊಳ್ಳುವುದೋ ಹಳೆಯದೋ ಎಂದು ತಾನೂ ಗಂಡನೂ ಯೋಚಿಸುತ್ತಿದ್ದೇವೆ, ಮನೆಯಲ್ಲಿ ವಯಸ್ಸಾದ ತಂದೆಯಿದ್ದಾರೆ, ಅವರಿಗೆ ಚಳಿ ಎಂದಳು. ಒಲೆ ಚೆನ್ನಾಗಿದೆಯೆ, ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದಳು.

“ಮನೆ ಖಾಲಿ ಮಾಡುತ್ತಿದ್ದೇವೆ,” ಎಂದ ಜಯರಾಮ್ ಇಂಗ್ಲಿಷಿನಲ್ಲಿ.

ಮಗುವಿಗೆ ಹಾಲು ಕುಡಿಸುತ್ತಿದ್ದ ಚಂದ್ರಕಲಾ ತಲೆಯೆತ್ತಿದಳು. “ನಿಮ್ಮಮ್ಮಂಗೂ ಇದನ್ನೇ ಹೇಳಿದ್ರಿ,” ಎಂದಳು.

ಜಯರಾಮ್ ರಿಸೀವರು ಹಿಡಿದೇ ಒಲೆಯ ಕಡೆ ತಿರುಗಿದ. ಅತ್ತ ಕಡೆಯ ಹೆಂಗಸು ಹಲೋ, ಹಲೋ ಎನ್ನುತ್ತಿದ್ದಳು. ಒಲೆಯ ಮೇಲೆ ತಾಯಮ್ಮ ಇಟ್ಟ ಕುಂಕುಮ ಇನ್ನೂ ಇತ್ತು, ಬಿಸಿಗೆ ಕಪ್ಪಾಗಿತ್ತು.

“ಮನೆ ಖಾಲಿ ಮಾಡುತ್ತಿಲ್ಲ. ನನ್ನ ತಾಯಿ ತೀರಿಕೊಂಡರು. ಈ ಒಲೆಯ ಎದುರಿಗೆ,” ಎಂದ.

“ಅಯ್ಯೋ. ಕಾಯಿಲೆಯಿತ್ತೆ ಅವರಿಗೆ?”

“ಇಲ್ಲ, ಗಟ್ಟಿಯಾಗಿದ್ದರು,” ಎಂದ ಜಯರಾಮ್. “ಇದನ್ನು ಆರಿಸುವುದು ಹೇಗೆಂದು ನಾನು ಅವರಿಗೆ ಹೇಳಿರಲಿಲ್ಲ.”