ಹತ್ತನೆಯ ಪ್ರಶ್ನೆ

ಮಾರ್ಕರು ಮತ್ತೆ ಕೀಚ್ ಅಂದಿತು, ಬಿಳಿ ಹಲಗೆಯ ಮೇಲೆ ಒಂಬತ್ತು ಅಂತ ಬರೆದು ಸಭೆ ನಡೆಸುವಾಕೆ ಅದರ ಸುತ್ತ ಸೊನ್ನೆ ಎಳೆಯುತ್ತಿದ್ದಾಳೆ, ಬೆಳಗ್ಗೆಯಿಂದ ಎಳೆದದ್ದೇ ಎಳೆದದ್ದು, ನನ್ನ ಹಲ್ಲೆಲ್ಲ ಜುಮ್ಮೆನ್ನುತ್ತಿದೆ — ಇನ್ನು ಒಂದೇ ಜಾಗ ಉಳಿದಿದೆ, ಎಲ್ಲರೂ ಒಂದು ಸಲ ದೀರ್ಘವಾಗಿ ಉಸಿರೆಳ್ಕೊಳ್ಳಿ ಅನ್ನುತ್ತಾಳೆ, ಎಳೆದುಕೊಳ್ಳಲು ನಮ್ಮ ಮೇಷ್ಟ್ರಿಗೆ ಆಗಬೇಕಲ್ಲ, ಕುತ್ತಿಗೆಯಿಂದ ಕೆಳಗೆ ಒಂದೂ ಆಡದ ಮನುಷ್ಯ, ಕೆಮ್ಮಬೇಕಾದರೂ ಇನ್ನೊಬ್ಬರು ಹೊಟ್ಟೆ ಒತ್ತಬೇಕು, ಆದರೂ ಕಾರ್ಡುಗಳಲ್ಲಿದ್ದ ಕಾಗುಣಿತದ ತಪ್ಪು ಒಂದನ್ನೂ ಬಿಡಲಿಲ್ಲ, ಅಲ್ಲಿ ಮಹಾಪ್ರಾಣ ಬರ್ಬೇಕು ತಾಯಿ ಅಂತ ಗಾಲಿಕುರ್ಚಿಯಲ್ಲಿ ಒರಗಿಕೊಂಡೇ ತಿದ್ದಿಸಿದರು. ನನ್ನ ಕೊರಳಿನಲ್ಲಿ ನೀಲಿ ದಾರ, ದಾರದ ತುದಿಯ ಬಿಲ್ಲೆಯಲ್ಲಿ ಹೆಸರಿನ ಕೆಳಗೆ ಅನುಭವಿ ಅಂತ ಅಚ್ಚಾಗಿದೆ, ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದಾಗ ಯಾರೂ ನನ್ನನ್ನು ಅನುಭವಿ ಅನ್ನಲಿಲ್ಲ, ಕಂಡಕ್ಟರಮ್ಮ ಸ್ವಲ್ಪ ಸರೀರಿ ಅಂದರು ಅಷ್ಟೇ, ಏಣಿಯಿಂದ ಬಿದ್ದು ಬೆನ್ನುಹುರಿ ಕೆಡಿಸಿಕೊಂಡು ಸೊಂಟದ ಕೆಳಗೆ ಏನೂ ತಿಳಿಯದ ಹಾಗಾದ ಮೇಲೆ ಅನುಭವಿ. ನನ್ನಂಥ ಅನುಭವಿಗಳು ಎಂಟು ಮಂದಿ, ನಮ್ಮನ್ನು ನೋಡಿಕೊಳ್ಳುವ ಮನೆಯವರು ಎಂಟು, ಡಾಕ್ಟರು ನರ್ಸು ಎಲ್ಲ ಸೇರಿ ಒಂಬತ್ತು, ಬೆನ್ನುಹುರಿಗೆ ಪೆಟ್ಟಾದವರ ಬಗ್ಗೆ ಇನ್ನು ಹತ್ತು ವರ್ಷ ಯಾವ ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂತ ನಾವು ಆರಿಸಿ ಕೊಡುವುದು, ಸಂಶೋಧಕರು ಅದನ್ನೇ ಹುಡುಕುತ್ತಾರಂತೆ, ಹುಡುಕಲಿ. ಬಂದ ಪ್ರಶ್ನೆ ಅರವತ್ತೆರಡು, ಒಂದೊಂದಕ್ಕೂ ನಂಬರು ಹಾಕಿದ ಒಂದೊಂದು ಕಾರ್ಡು, ಇರುವ ಸೀಟು ಹತ್ತು, ಇಂಥ ರಶ್ಶು ನನಗೇನು ಹೊಸದಲ್ಲ. ಹನ್ನೆರಡನೇ ಕಾರ್ಡು ಗಂಡಹೆಂಡಿರ ಸಂಬಂಧದ್ದು, ಅದನ್ನು ಗಟ್ಟಿಯಾಗಿ ಓದಿದಾಗ ಎಲ್ಲರೂ ಮೇಲೆ ಫ್ಯಾನು ನೋಡಿದರು, ಚೀಟೀಲಿ ಬರೆದು ಹಾಕಿ ಅಂದಾಗ ಅದು ಮೂರನೇ ಸ್ಥಾನಕ್ಕೆ ಬಂತು, ಆಗ ಮತ್ತೆ ಎಲ್ಲರೂ ಫ್ಯಾನು ನೋಡಿದರು. ಕೈಬೆರಳು ಆಡಿಸುವ ಪ್ರಶ್ನೆ ಎಂಟನೆಯದು, ಅದು ಮೇಷ್ಟ್ರದು, ಒಂದೇ ಒಂದು ಬೆರಳು ಬಂದ್ರೆ ಸಾಕಮ್ಮ, ಕೆಂಪು ಪೆನ್ನು ಹಿಡಿದುಬಿಡ್ತೀನಿ ಅಂದಿದ್ದರು. ಈಗ ಹತ್ತನೇ ಸೀಟಿಗೆ ಇಬ್ಬರು ಬಾಗಿಲಲ್ಲಿ ನಿಂತಿದ್ದಾರೆ, ಅಂಕ ಸಮಸಮ, ಕಾರ್ಡು ಏಳು — ಕಡಿದ ನರ ಮತ್ತೆ ಬೆಳೆಸಿ ನಡಿಗೆ ತರಲು ಸಾಧ್ಯವೇ, ಕಾರ್ಡು ನಲವತ್ತೊಂದು — ದಿನನಿತ್ಯದ ಮಲವಿಸರ್ಜನೆಗೆ ಹಿಡಿಯುವ ಸಮಯ ಕಡಿಮೆ ಮಾಡುವುದು ಹೇಗೆ, ಆ ನಲವತ್ತೊಂದನ್ನು ಬರೆದು ಕಳಿಸಿದವಳು ನಾನು.

ಒಂಬತ್ತೂವರೆಗೆ ಸರಿಯಾಗಿ ಬನ್ನಿ ಅಂತ ಪತ್ರ ಬಂದಾಗಲೇ ನಗು ಬಂದಿತ್ತು, ನಾವು ಒಂಬತ್ತೂವರೆಗೆ ಎಲ್ಲಿಗೂ ಹೋಗುವ ಗಿರಾಕಿಗಳಲ್ಲ ಅಂತ ನಮ್ಮನ್ನು ಕರೆದವರಿಗೇ ಗೊತ್ತಿಲ್ಲ, ಬೆಳಗ್ಗೆ ಔಷಧಿ ಹಾಕಿಕೊಂಡು ಕಕ್ಕಸಿನಲ್ಲಿ ಕಾಯಬೇಕು, ಇವನು, ನನ್ನ ಗಂಡ, ಕೈಗವಸು ತೊಟ್ಟು ಬರಬೇಕು, ಮತ್ತೆ ಕಾಯಬೇಕು, ಇವನು ಬಾಗಿಲಾಚೆ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತಾನೆ, ಆಯ್ತಾ, ಇಲ್ಲ, ಆಯ್ತಾ, ನಿಮಗೇನು ಸಿಗ್ನಲ್ ಬೀಳೋದಿದೆಯಾ ಸುಮ್ನಿರಿ — ಒಂದು ಗಂಟೆ ಐವತ್ತು ನಿಮಿಷ, ದಿನಾ. ಇವತ್ತು ಐದಕ್ಕೇ ಎದ್ದೆವು, ಇಲ್ಲಿಗೆ ಬಂದರೆ ಲಿಫ್ಟಿನಲ್ಲಿ ಕುರ್ಚಿ ಹಿಡಿಸಲಿಲ್ಲ, ಕಾಲಿಡುವ ಪಟ್ಟಿ ಎರಡನ್ನೂ ಕಳಚಿದ ಮೇಲೆ ಹಿಡಿಸಿತು, ಕಾವಲುಗಾರ ಅವೆರಡನ್ನೂ ಅವಳಿ ಮಕ್ಕಳ ಹಾಗೆ ಎತ್ತಿಕೊಂಡು ಮೂರು ಮಹಡಿ ಮೆಟ್ಟಿಲು ಹತ್ತಿ ಬಂದ. ಇವನು ಡ್ರೈವರು, ನಾನು ಕಂಡಕ್ಟರು, ಒಂದೇ ಬಸ್ಸು, ಮದುವೆಗೆ ಮುಂಚೆ ನಾಲ್ಕು ವರ್ಷ ಡ್ರೈವರಣ್ಣ ಅಂತಲೇ ಕರೆಯುತ್ತಿದ್ದೆ, ಅಣ್ಣ ಅಂದವಳು ಹೆಂಡತಿಯಾದದ್ದಕ್ಕೆ ಡಿಪೋದಲ್ಲಿ ಇವತ್ತಿಗೂ ನಗುತ್ತಾರೆ. ಏಳು ವರ್ಷದ ಹಿಂದೆ ಅಟ್ಟದ ಮೇಲಿನ ಸೂಟ್‌ಕೇಸು ಇಳಿಸಲು ನಾನು ಏಣಿ ಹತ್ತಿದೆ, ಕೆಳಗೆ ಹಿಡಿದುಕೊಂಡಿದ್ದವನು ಇವನು, ಫೋನು ಬಡಿದುಕೊಂಡಿತು, ತೆಗೆಯಲು ಹೋದ, ನಾದಿನಿ, ಎಷ್ಟು ಹೊತ್ತಿಗೆ ಹೊರಡ್ತೀರಿ ಅಂತ ಕೇಳುತ್ತಿದ್ದಳಂತೆ, ಇವನು ಇನ್ನೇನು ಹೊರಟ್ವಿ ಅನ್ನುವಷ್ಟರಲ್ಲಿ ನಾನು ನೆಲದ ಮೇಲೆ. ಅವತ್ತಿನಿಂದ ಇವನಿಗೆ ಮಧ್ಯಾಹ್ನದ ಶಿಫ್ಟು, ಬೆಳಗ್ಗೆ ನನ್ನ ಕೆಲಸವಾಗಬೇಕಲ್ಲ, ಡಿಪೋದಲ್ಲಿ ಮಾತ್ರ ನಂಗೆ ಬಿಸಿಲು ಕಂಡ್ರೆ ಇಷ್ಟ ಕಣಪ್ಪ ಅಂದಿದ್ದಾನೆ, ಅರ್ಧ ಜನ ಇವನನ್ನು ಸೋಮಾರಿ ಅಂದುಕೊಂಡಿದ್ದಾರೆ. ಮತ್ತೆ ಆ ನೋಟ್‌ಬುಕ್ಕು, ಎಲ್ಲೋ ಯಾರೋ ಗಾಲಿಕುರ್ಚಿಯಿಂದ ಎದ್ದು ನಿಂತರು ಅಂತ ಪೇಪರಿನಲ್ಲಿ ಬಂದರೆ ಸಾಕು ಕತ್ತರಿಸಿ ಅಂಟಿಸುತ್ತಾನೆ, ಮೂರನೇ ನೋಟ್‌ಬುಕ್ಕು ನಡೆಯುತ್ತಿದೆ, ನಾನಲ್ಲದಿದ್ದರೆ ಅದಾದರೂ ನಡೆಯುತ್ತಿದೆ. ನೀನು ಎದ್ದು ನಡೆಯೋ ದಿನ ಅಂತ ಮಾತು ಶುರು ಮಾಡುತ್ತಾನೆ, ಮುಗಿಸುವುದಿಲ್ಲ, ನಾನೂ ಕೇಳುವುದಿಲ್ಲ. ಹಾಗಾಗಿ ನಲವತ್ತೊಂದು ನನ್ನದು ಅಂತ ಇವನಿಗೆ ಹೇಳಿರಲಿಲ್ಲ, ನಾನು ನಡಿಗೆ ಬಿಟ್ಟು ಕಕ್ಕಸು ಕೇಳಿದೆ ಅಂತ ಯಾವ ಬಾಯಿಂದ ಹೇಳಲಿ.

ಕಾಫಿಗೆ ಬಿಟ್ಟಾಗ ಒಬ್ಬ ವಿಜ್ಞಾನಿ ಬಂದು ಪಕ್ಕದಲ್ಲಿ ಕೂತ, ಅವನ ಬಿಲ್ಲೆಯಲ್ಲಿ ವೀಕ್ಷಕ ಅಂತ, ಅಂದರೆ ಮತ ಇಲ್ಲ, ಗೋಡೆಗೆ ಒರಗಿ ಕೂತು ನೋಡುವುದಷ್ಟೇ, ಪಾಪ ಬೆಳಗ್ಗೆಯಿಂದ ನಾಲಿಗೆ ತುರಿಸುತ್ತಿತ್ತು ಅಂತ ಕಾಣುತ್ತದೆ, ನಾನು ಕಾಫಿ ಲೋಟ ಸುಮ್ಮನೆ ಹಿಡಿದುಕೊಂಡಿದ್ದೆ, ಕುಡಿದರೆ ಮೂತ್ರ ತೆಗೆಯುವ ಹನ್ನೆರಡರ ಟ್ಯೂಬು ಹನ್ನೊಂದಕ್ಕೇ ಹಾಕಬೇಕಾಗುತ್ತದೆ. ಮೇಡಂ ನೀವು ಭರವಸೆ ಬಿಡಬಾರದು, ನಮ್ಮ ಲ್ಯಾಬಿನಲ್ಲಿ ಹದಿನಾಲ್ಕು ಇಲಿಗಳಿಗೆ ಬೆನ್ನುಹುರಿ ಪೆಟ್ಟು, ಅದರಲ್ಲಿ ಹನ್ನೊಂದು ಎದ್ದು ನಡೆದವು ಅಂದ, ಕಣ್ಣಿನಲ್ಲಿ ನೀರು, ತನ್ನ ಮಕ್ಕಳು ಪಾಸಾದ ಹಾಗೆ. ಬಹಳ ಸಂತೋಷ ಸ್ವಾಮಿ, ಅವು ಒಂದಕ್ಕೆ ಹೇಗೆ ಅಂದೆ. ಒಂದಕ್ಕಲ್ಲ ಮೇಡಂ, ಹನ್ನೊಂದಕ್ಕೆ ಅಂದ. ಅಲ್ಲ, ಒಂದಕ್ಕೆ ಹೇಗೆ ಹೋಗ್ತವೆ ಅಂತ, ಉಚ್ಚೆ ಸ್ವಾಮಿ ಉಚ್ಚೆ ಅಂದೆ, ಇಪ್ಪತ್ತೆರಡು ವರ್ಷ ಕೊನೆಯ ಸೀಟಿಗೆ ಕೇಳುವಂತೆ ಕೂಗಿದ ಗಂಟಲು, ಬಿಸ್ಕತ್ತಿನ ಮೇಜಿನ ತನಕ ಮಾತು ನಿಂತಿತು. ಅವನ ಮುಖ ಹುಳ್ಳಗಾಯಿತು, ಅದು, ಅದು ತಾನಾಗಿ ಆಗಲ್ಲ ಮೇಡಂ, ನಾವೇ ಹೊಟ್ಟೆ ಒತ್ತಿ ತೆಗೀತೀವಿ ಅಂದ. ಯಾರು, ನೀವಾ. ಇಲ್ಲ, ಲ್ಯಾಬಿನ ಸಹಾಯಕಿ ಒಬ್ಬಳಿದ್ದಾಳೆ, ದಿನಕ್ಕೆ ಎರಡು ಸಲ. ಭಾನುವಾರ. ಭಾನುವಾರವೂ ಬರ್ತಾಳೆ ಮೇಡಂ. ಹಾಗಾದ್ರೆ ನಿಮ್ಮ ಇಲಿಗಳಿಗೂ ಒಬ್ಬ ಗಂಡ ಇದ್ದಾನೆ ಅನ್ನಿ ಅಂದೆ, ಅವಳ ವಿಷಯ ನಿಮ್ಮ ಪ್ರಬಂಧದಲ್ಲಿ ಬರೆದಿದ್ದೀರಾ ಅಂದೆ, ಅವನು ಒಂದು ಸಾಲಿದೆ ಅಂದ. ಒಳ್ಳೆಯವನು, ಸುಳ್ಳು ಹೇಳಲಿಲ್ಲ, ಆ ಸಾಲನ್ನು ನೆನಪು ಮಾಡಿಕೊಳ್ಳುತ್ತ ಬಿಸ್ಕತ್ತನ್ನು ಕಾಫಿಯಲ್ಲಿ ಎಷ್ಟು ಹೊತ್ತು ಅದ್ದಿಟ್ಟನೆಂದರೆ ಅರ್ಧ ಮುರಿದು ಒಳಗೇ ಬಿತ್ತು.

ಕಾಫಿ ಆದ ಮೇಲೆ ನಲವತ್ತೊಂದರ ಬಗ್ಗೆ ಚರ್ಚೆ, ಕನ್ನಡಕದ ಡಾಕ್ಟರು ಎದ್ದು ವಿಸರ್ಜನಾ ವ್ಯವಸ್ಥೆಯ ಅಸಮರ್ಪಕತೆಯು ಜೀವನ ಗುಣಮಟ್ಟದ ಮೇಲೆ ಅಂತ ಶುರು ಮಾಡಿದರು, ಮಾತು ಅಷ್ಟು ಶುಭ್ರವಾಗಿತ್ತು, ಅದರಲ್ಲಿ ಕಕ್ಕಸಿನ ವಾಸನೆಯೇ ಇರಲಿಲ್ಲ, ಎಲ್ಲರಿಗೂ ಆಕಳಿಕೆ, ಹೀಗೆ ಬಿಟ್ಟರೆ ಪ್ರಶ್ನೆ ಕೈಬಿಟ್ಟು ಹೋಗುತ್ತದೆ ಅನ್ನಿಸಿ ನಾನೇ ಬಾಯಿ ತೆಗೆದೆ. ನಿಮಗೆಲ್ಲ ಬೆಳಗ್ಗೆ ಎಷ್ಟು ಹೊತ್ತಾಗುತ್ತೆ, ಐದು ನಿಮಿಷ, ಪೇಪರ್ ಹಿಡ್ಕೊಂಡು ಹೋದ್ರೆ ಹತ್ತು, ನನಗೆ ಒಂದು ಗಂಟೆ ಐವತ್ತು ನಿಮಿಷ, ಲೆಕ್ಕ ಹಾಕಿದ್ದೀನಿ, ಏಳು ವರ್ಷದಲ್ಲಿ ನೂರ ತೊಂಬತ್ತೈದು ದಿನ ಹಗಲೂ ರಾತ್ರಿ ಕಕ್ಕಸಲ್ಲೇ ಕೂತಿದ್ದೀನಿ, ನಾನು ಒಬ್ಬಳೇ ಅಲ್ಲ, ಬಾಗಿಲಾಚೆ ಇನ್ನೊಬ್ಬರು ಕೂತಿದ್ದಾರೆ, ಅವರು ಏಳು ವರ್ಷದಿಂದ ಬೆಳಗಿನ ಬಸ್ಸು ಓಡಿಸಿಲ್ಲ ಅಂದೆ. ಮೇಷ್ಟ್ರು ಮೊದಲು ನಕ್ಕರು, ಅವರ ನಗು ಕೆಮ್ಮಾಯಿತು, ಅವರ ತಂಗಿ ಓಡಿ ಬಂದು ಹೊಟ್ಟೆ ಒತ್ತಿದಳು, ಆಮೇಲೆ ಎಲ್ಲರೂ ನಕ್ಕರು, ಕನ್ನಡಕದ ಡಾಕ್ಟರೂ. ಇವನು ನಗಲಿಲ್ಲ. ಕಿಟಕಿಯ ಪಕ್ಕ ಮನೆಯವರ ಮೇಜಿನಲ್ಲಿ ಕೂತು ತನ್ನ ಬೂಟು ನೋಡುತ್ತಿದ್ದ, ಕಿವಿ ಕೆಂಪಗೆ, ಬಿಸಿಲು ಇಷ್ಟ ಅಂತ ಏಳು ವರ್ಷ ಕಾಪಾಡಿದ್ದ ಗುಟ್ಟನ್ನು ಇಪ್ಪತ್ತೈದು ಜನರ ಮುಂದೆ ಬಿಚ್ಚಿ ಹಾಕಿದೆನಲ್ಲ, ಅದರ ಮೇಲೆ ನಡಿಗೆಗೆ ಎದುರಾಗಿ ಮಾತಾಡಿದೆ, ಮೂರು ನೋಟ್‌ಬುಕ್ಕುಗಳಿಗೆ ಎದುರಾಗಿ. ಆಮೇಲೆ ಊಟಕ್ಕೆ ಬಿಟ್ಟಾಗಲೂ ತಟ್ಟೆ ತಂದು ನನ್ನ ಮುಂದಿಟ್ಟು, ಚಮಚ ಸರಿಪಡಿಸಿ, ಕಿಟಕಿಯ ಪಕ್ಕದ ಮೇಜಿಗೆ ವಾಪಸ್ಸು ಹೋದ.

ಇನ್ನು ಚೀಟಿ ಬೇಡ, ಕೈ ಎತ್ತಿಬಿಡೋಣ ಅನ್ನುತ್ತಾಳೆ ಆಕೆ, ಕಾರ್ಡು ಏಳಕ್ಕೆ ಯಾರು ಯಾರು, ಕೈಗಳು ಏಳುತ್ತವೆ, ವ್ಯಾಯಾಮ ಮಾಡಿಸುವಾಕೆ, ಮೂರು ಜನ ಡಾಕ್ಟರು, ಮಗಳನ್ನು ನೋಡಿಕೊಳ್ಳುವ ಒಬ್ಬ ತಾಯಿ ಎರಡೂ ಕೈ ಎತ್ತಿದ್ದಾರೆ, ಒಂದು ಸಾಕಮ್ಮ ಒಂದೇ ಎಣಿಸೋದು, ಹತ್ತು, ಹನ್ನೊಂದು, ಹನ್ನೆರಡು. ಇವನ ಕಡೆ ನೋಡಬಾರದು ಅಂದುಕೊಂಡೇ ನೋಡಿದೆ, ಕೂತಿದ್ದಾನೆ, ಎತ್ತಿಲ್ಲ, ಕೇಳಿಸಲಿಲ್ಲವೇನೋ, ಇಂಜಿನ್ ಪಕ್ಕ ಕೂತು ಎಡಗಿವಿ ಮಂದವಾಗಿದೆ, ಏಳು ಕಣ್ರೀ, ನಿಮ್ಮ ಏಳು, ಅಂತ ಇಲ್ಲಿಂದ ಕೂಗಿ ಹೇಳಿಬಿಡಲೇ, ಮತ ಕೆಡುತ್ತದೆ, ಹನ್ನೆರಡೇನಾ, ಹನ್ನೆರಡು ಬರ್ಕೋತೀನಿ, ಕೀಚ್. ಈಗ ನಲವತ್ತೊಂದು, ನಾನು ಎತ್ತಿದೆ, ಮೇಷ್ಟ್ರು ಗಲ್ಲ ಎತ್ತಿದರು, ಗಲ್ಲವೂ ಮತವೇ ಅಂತ ಬೆಳಗ್ಗೆಯೇ ತೀರ್ಮಾನವಾಗಿದೆ, ಕನ್ನಡಕದ ಡಾಕ್ಟರು, ಇಬ್ಬರು ನರ್ಸುಗಳು, ಮೇಷ್ಟ್ರ ತಂಗಿ, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಇನ್ಯಾರಾದ್ರೂ ಇದ್ದೀರಾ ಅನ್ನುತ್ತಾಳೆ — ಕಿಟಕಿಯ ಪಕ್ಕ ಒಂದು ಕೈ, ಮೊದಲು ಮೊಣಕೈ ಮೇಜು ಬಿಟ್ಟಿತು, ಆಮೇಲೆ ಪೂರ್ತಿ ನೆಟ್ಟಗೆ, ತಲೆ ತಗ್ಗಿಯೇ ಇದೆ, ಕೈ ಮಾತ್ರ ಮೇಲೆ, ಹದಿಮೂರು ಅಂದಳು ಆಕೆ, ಯಾರೋ ಚಪ್ಪಾಳೆ ತಟ್ಟಿದರು, ವಿಜ್ಞಾನಿಯಿರಬೇಕು, ನಾನು ಗೆದ್ದೆ, ಗೆದ್ದೆನಾ, ಹಾಗಾದರೆ ನಾನು ನಡೆಯುತ್ತೇನೆ ಅಂತ ನೀವಿನ್ನು ಕಾಯುವುದಿಲ್ಲವಾ, ಯಾವತ್ತಿನಿಂದ, ಇವತ್ತಿನಿಂದಲಾ, ಇಲ್ಲಾ ಎಂದೋ ಬಿಟ್ಟು ನನಗೋಸ್ಕರ ಕತ್ತರಿಸಿ ಅಂಟಿಸುತ್ತಿದ್ದಿರಾ, ನಾನು ನಿಮಗೋಸ್ಕರ ಆ ನೋಟ್‌ಬುಕ್ಕು ನೋಡುತ್ತಿದ್ದ ಹಾಗೆ, ಎಲ್ಲರಿಗೂ ಧನ್ಯವಾದ, ಕೈ ಇಳಿಸಿ ಅನ್ನುತ್ತಾಳೆ, ಎಲ್ಲರೂ ಇಳಿಸಿದರು, ಕುರ್ಚಿಗಳು ಸರಿದವು, ಚೀಲಗಳ ಜಿಪ್ಪು, ಮೇಷ್ಟ್ರು ಏನೋ ತಮಾಷೆ ಮಾಡುತ್ತಿದ್ದಾರೆ, ಇವನ ಕೈ ಇನ್ನೂ ಮೇಲಿದೆ, ಇಳಿಸಿ ಕಣ್ರೀ, ಎಣಿಸಿ ಆಯ್ತು, ತೋಳಿನ ಗುಂಡಿ ಬಿಚ್ಚಿದೆ, ಅಂಗಿ ಮೊಣಕೈವರೆಗೆ ಜಾರಿದೆ, ಇಳಿಸಿ, ಕೈ ಇನ್ನೂ ಮೇಲೆ, ಅಲ್ಲೇ, ಅವತ್ತು ಏಣಿ ಹಿಡಿದಿದ್ದ ಆ ಕೈ —