ಸ್ವಲ್ಪ ಸೀರಿಯಸ್

ಸೊಹಾರ್ ಬಂದರಿನ ತುಳುವರಿಗೆ ‘ಸೀರಿಯಸ್’ ಎಂಬ ಶಬ್ದದ ಅರ್ಥ ನೋಡಲು ನಿಘಂಟು ಬೇಕಿಲ್ಲ. ಊರಿಂದ ‘ಅಪ್ಪನಿಗೆ ಸ್ವಲ್ಪ ಸೀರಿಯಸ್, ಹೊರಟು ಬಾ’ ಎಂದು ಫೋನು ಬಂತೆಂದರೆ ಅಪ್ಪ ತೀರಿಕೊಂಡಾಯಿತು ಎಂದೇ ಲೆಕ್ಕ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೂ ವಿಮಾನ ಇಳಿದು ಅಂಗಳ ಮುಟ್ಟುವವರೆಗೆ ಇಬ್ಬರೂ ಸೇರಿ ಸತ್ತವರನ್ನು ಬದುಕಿಸಿಟ್ಟುಕೊಳ್ಳುತ್ತಾರೆ. ಸುಕೇಶನೇ ಇಂಥ ಎಷ್ಟೋ ಜನರನ್ನು ಮಸ್ಕತ್ ವಿಮಾನ ನಿಲ್ದಾಣದವರೆಗೆ ಬಿಟ್ಟುಬಂದವನು. ದಾರಿಯುದ್ದಕ್ಕೂ ‘ಈಗೆಲ್ಲ ಒಳ್ಳೊಳ್ಳೆ ಡಾಕ್ಟರುಗಳಿದ್ದಾರೆ ಮಾರಾಯ’ ಎಂದು ಸಮಾಧಾನ ಹೇಳಿದವನು.

ಈ ಸಲ ಹತ್ತಿ ಕೂರಲು ವಿಮಾನವೇ ಇರಲಿಲ್ಲ. ಇದ್ದ ಒಂದೆರಡಕ್ಕೂ ಎಂಬಸಿಯಲ್ಲಿ ಹೆಸರು ಕೊಟ್ಟು ಕಾಯಬೇಕು. ಮಾರ್ಚಿನಲ್ಲಿ ತನ್ನ ತಮ್ಮ ಶ್ರವಣನ ಮದುವೆಗೆಂದು ಬಂಟ್ವಾಳಕ್ಕೆ ಹೋದ ಹೆಂಡತಿ ವಸಂತಿ ಅಲ್ಲೇ ಸಿಕ್ಕಿಬಿದ್ದಳು. ಆಗಸ್ಟಿನಲ್ಲಿ ಕೊರೋನಾ ಹತ್ತಿ ಆಸ್ಪತ್ರೆ ಸೇರಿದಳು.

ಶ್ರವಣನ ಮೆಸೇಜು ಬಂದಾಗ ಸುಕೇಶನ ಫೋನು ಮಗಳು ಯಶ್ಮಿತಾಳ ಪಕ್ಕದಲ್ಲಿತ್ತು. ಪಾಠ ಲ್ಯಾಪ್‌ಟಾಪಿನಲ್ಲಾದರೂ ಒಂಬತ್ತನೇ ಕ್ಲಾಸಿನ ಲೆಕ್ಕಗಳು ವಾಟ್ಸಾಪಿನಲ್ಲಿ ಬರುತ್ತಿದ್ದವು. ಲೆಕ್ಕದ ಜೊತೆಗೇ ಇದೂ ಬಂತು: ‘ಅಕ್ಕ ಸ್ವಲ್ಪ ಸೀರಿಯಸ್. ಭಾವ, ಧೈರ್ಯ ತಗೊಳ್ಳಿ.’

ಹುಡುಗಿ ಹುಟ್ಟಿದ್ದೂ ಬೆಳೆದದ್ದೂ ಸೊಹಾರಿನಲ್ಲಿ. ಆ ಶಬ್ದವನ್ನು ಅವಳು ಕಲಿತದ್ದು ಶಾಲೆಯಲ್ಲಿ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಡ್ಯಾಡಿ, ಮಮ್ಮಿ ಸೀರಿಯಸ್ ಅಂತೆ. ಬಟ್ ಕ್ರಿಟಿಕಲ್ ಅಲ್ಲ. ಕ್ರಿಟಿಕಲ್ ಅಂದ್ರೆ ಮಾತ್ರ ಹೆದರ್ಬೇಕು” ಎಂದಳು.

ಬಂಗುಡೆ ಶುಚಿ ಮಾಡುತ್ತಿದ್ದ ಸುಕೇಶ “ಹೌದಾ” ಎಂದ. ಕೈ ತೊಳೆದ. ವಾಸನೆ ಹೋಗಲಿಲ್ಲವೆಂದು ಇನ್ನೊಮ್ಮೆ ತೊಳೆದ. ಆಮೇಲೆ ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು ಶ್ರವಣನಿಗೆ ಫೋನು ಮಾಡಿದ.

“ಎಲ್ಲ ಆಸ್ಪತ್ರೆಯವರೇ ಮಾಡ್ತಾರಂತೆ ಭಾವ,” ಎಂದ ಶ್ರವಣ. “ನಮಗೆ ದೂರದಿಂದ ನೋಡ್ಲಿಕ್ಕೆ ಮಾತ್ರ ಬಿಡೋದು.”

ಮಧ್ಯಾಹ್ನ ಕಂಪನಿಯ ಬಸ್ಸಿನಲ್ಲಿ, ಒಂದು ಸೀಟು ಖಾಲಿ ಬಿಟ್ಟು ಕೂತ ಕಿನ್ನಿಗೋಳಿಯ ವಾಲ್ಟರ್ ಕೇಳಿದ, “ವಸಂತಿಯಕ್ಕ ಹೇಗಿದ್ದಾರೆ?”

“ಸ್ವಲ್ಪ ಸೀರಿಯಸ್.”

ವಾಲ್ಟರ್ ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡ. “ಹುಡುಗಿಗೆ ಹೇಳಿದ್ಯಾ?” ಎಂದ.

“ನಾಳೆ ಅವಳಿಗೆ ಯೂನಿಟ್ ಟೆಸ್ಟ್ ಉಂಟು.”

“ನಿನ್ನದೆಂತ ಮಾರಾಯ. ಅದು ಮುಗಿದ್ರೆ ಇನ್ನೊಂದು ಟೆಸ್ಟ್ ಬರ್ತದೆ. ಶಾಲೆಯವರಿಗೆ ಬೇರೆ ಕೆಲಸ ಉಂಟಾ?”

ಶಾಲೆಯವರಿಗೆ ಬೇರೆ ಕೆಲಸವೂ ಇತ್ತು. ಮಕ್ಕಳು ಮನೆಯಲ್ಲಿ ಕೊಳೆಯಬಾರದೆಂದು ಅವರು ಚಟುವಟಿಕೆಗಳ ಸುರಿಮಳೆಯನ್ನೇ ಸುರಿಸಿದ್ದರು: ಯೋಗ ದಿನ, ನೀರಿನ ದಿನ, ಬೆಂಕಿಯಿಲ್ಲದ ಅಡುಗೆ. ಫೋಟೊ ತೆಗೆಯದೆ ಯಾವುದೂ ನಡೆದಂತಲ್ಲ. ಯಶ್ಮಿತಾ ತನ್ನ ಕ್ಲಾಸ್ ಟೀಚರ್ ಶಹನಾ ಮಿಸ್ಸಿಗೆ ಅಮ್ಮ ಸೀರಿಯಸ್ ಎಂದು ತಿಳಿಸಿದ್ದಳು. ಹೈದರಾಬಾದಿನ ಶಹನಾ ಮಿಸ್ಸಿಗೂ ಆ ಶಬ್ದದ ಶಾಲೆಯ ಅರ್ಥ ಮಾತ್ರ ಗೊತ್ತು. ಒಳ್ಳೆಯ ಹೆಂಗಸು, ಮರುದಿನ ಟೆಸ್ಟ್ ಮುಗಿದದ್ದೇ ಇಡೀ ಕ್ಲಾಸನ್ನು ಯಶ್ಮಿತಾಳ ಮಮ್ಮಿಗಾಗಿ ಕಾರ್ಡು ಮಾಡಲು ಕೂರಿಸಿದರು.

ಇವತ್ತು ಹೇಳಿಯೇ ತೀರುವುದೆಂದು ಸುಕೇಶ ಹಾಲಿಗೆ ಬಂದಾಗ ಲ್ಯಾಪ್‌ಟಾಪಿನ ತುಂಬ ಸಣ್ಣಸಣ್ಣ ಚೌಕಗಳು; ಒಂದೊಂದರಲ್ಲೂ ಒಂದೊಂದು ಮುಖ, ಮುಖದ ಕೆಳಗೆ ಹೂವು, ಬಲೂನು, ಮಾಸ್ಕು ಹಾಕಿಕೊಂಡ ಕರಡಿ. ‘ಬೇಗ ಗುಣವಾಗಿ, ಆಂಟಿ’ ಎಂದು ಇಂಗ್ಲಿಷಿನಲ್ಲಿ ಬರೆದದ್ದು ಕೆಲವರಲ್ಲಿ ತಿರುಗುಮುರುಗಾಗಿ ಕಾಣುತ್ತಿತ್ತು. ಅವನು ಮಗಳ ಹಿಂದೆ ನಿಂತದ್ದನ್ನು ನೋಡಿ ಎಲ್ಲ ಒಟ್ಟಿಗೆ “ಹಲೋ ಅಂಕಲ್” ಎಂದವು. ಸುಕೇಶ ಕೈಯೆತ್ತಿದ. ಬೇರೆ ಏನು ಮಾಡುವುದೆಂದು ತಿಳಿಯದೆ ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡಿದ್ದ.

ಯಶ್ಮಿತಾ ಅವನ ಫೋನಿನಲ್ಲಿ ಪರದೆಯ ಫೋಟೊ ತೆಗೆದು ಅಮ್ಮನ ನಂಬರಿಗೆ ಕಳಿಸಿಬಿಟ್ಟಳು. ಬೇಡವೆನ್ನಲು ಅವನು ಬಾಯಿ ತೆರೆಯುವುದರೊಳಗೆ ಹೋಗಿಯಾಗಿತ್ತು. ಎರಡು ಟಿಕ್ಕುಗಳು ಬಂದವು. ನೋಡುತ್ತಿದ್ದಂತೆ ನೀಲಿಯಾದವು.

“ಡ್ಯಾಡಿ! ಮಮ್ಮಿ ನೋಡಿದ್ರು. ಫೋನು ಹಿಡಿಯುವಷ್ಟಾಗಿದೆ, ನೋಡು.”

ಅಷ್ಟು ಬೆಳಗಿದ ಮುಖವನ್ನು ಅವನು ಮಾರ್ಚಿನಿಂದೀಚೆಗೆ ನೋಡಿರಲಿಲ್ಲ. ಇನ್ನೊಂದು ದಿನ ಬಿಟ್ಟರೆ ಈ ಮುಖಕ್ಕೆ ಏನನ್ನೂ ಹೇಳಲಾಗದೆಂದು ಅವನಿಗೆ ಅನಿಸಿತು. ಬಗ್ಗಿ ಲ್ಯಾಪ್‌ಟಾಪಿನ ಮೈಕು, ಕ್ಯಾಮೆರಾ ಎರಡನ್ನೂ ಬಂದ್ ಮಾಡಿದ.

“ಅಮ್ಮ ನೋಡಿದ್ದಲ್ಲ, ಮಗಾ. ಆ ಫೋನು ಈಗ ಶ್ರವಣ ಮಾಮನ ಹತ್ತಿರ ಉಂಟು. ಅಮ್ಮ ಇಲ್ಲ.”

ಐಸಿಯುಗೆ ಹಾಕಿದ್ದಾರಾ ಎಂದು ಅವಳು ಕೇಳಬಹುದೆಂದುಕೊಂಡಿದ್ದ. ಕೇಳಲಿಲ್ಲ. ಅವನ ಮುಖ ನೋಡಿದಳು, ಫೋನು ನೋಡಿದಳು.

“ಯಾವಾಗ?”

“ನಿನ್ನೆ ಬೆಳಿಗ್ಗೆ. ಆ ಮೆಸೇಜು ಬರುವ ಮೊದಲೇ.”

“ನಾನೇ ಓದಿದ್ದಲ್ವಾ ಅದನ್ನ,” ಎಂದಳು ಯಶ್ಮಿತಾ. “ನಾನೇ ನಿಂಗೆ ಹೇಳಿದ್ದು, ಹೆದರ್ಬೇಡ ಅಂತ.”

ಸುಕೇಶ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡ. ಅವಳ ಹೆಗಲು ಕುಲುಕತೊಡಗಿತು. ಲ್ಯಾಪ್‌ಟಾಪಿನಲ್ಲಿ ಶಹನಾ ಮಿಸ್ಸು, “ಫಾಹಿಮ್, ನಿನ್ನೊಬ್ಬನದೇ ಬಾಕಿ. ಯಲ್ಲಾ, ಬೇಗ” ಎನ್ನುತ್ತಿದ್ದರು. ಒಂದು ಚೌಕದಲ್ಲಿ ಗುಂಗುರು ತಲೆಯೊಂದು ಕಾಗದದ ಮೇಲೆ ಬಗ್ಗಿತ್ತು.

“ನಾನು ಮಿಸ್ಸಿಗೆ ಹೇಳ್ತೇನೆ. ನೀನು ಒಳಗೆ ಹೋಗು,” ಎಂದ ಸುಕೇಶ, ಮೈಕಿನ ಕಡೆ ಕೈ ಚಾಚಿ.

ಅವಳು ಆ ಕೈ ಹಿಡಿದುಕೊಂಡಳು.

“ಈಗ ಬೇಡ ಡ್ಯಾಡಿ. ಅವನು ಇನ್ನೂ ಬಣ್ಣ ಹಾಕ್ತಾ ಇದ್ದಾನೆ.”

ಸುಕೇಶ ಕುರ್ಚಿಯೊಂದನ್ನು ಎಳೆದುಕೊಂಡು ಅವಳ ಪಕ್ಕ ಕೂತ. ಹುಡುಗ ಹಳದಿ ಪೆನ್ಸಿಲ್ ಕೆಳಗಿಟ್ಟು, ಸ್ವಲ್ಪ ಯೋಚಿಸಿ, ಹಸಿರನ್ನು ಎತ್ತಿಕೊಂಡ.