ಹೊಳೆ ದಾಟುವ ಮೊದಲೇ ಹೇಳಿದ ಸುಳ್ಳು

ಗುಡಗೇರಿಯ ಹೊಳೆಯಪ್ಪ ರೈಲಿನಲ್ಲಿ ಬಾಯಿ ತೆರೆದನೆಂದರೆ ಎಂಜಿನ್ನು ಕೂಗುವುದನ್ನು ಬಿಟ್ಟು ಕೇಳಿಸಿಕೊಳ್ಳುತ್ತಿತ್ತು. ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಟಿಕೆಟ್ ನೋಡಲು ಬಂದ ಟಿ.ಸಿ.ಗಳು ಅವನ ಮಾತಿಗೆ ಮರುಳಾಗಿ ಕೂತು, ತಾವು ಇಳಿಯುವ ಊರು ದಾಟಿಸಿಕೊಂಡು, ಬೆಳಗಾದ ಮೇಲೆ ತಾವೇ ಟಿಕೆಟ್ ತೆಗೆಸಿ ತಿರುಗಿ ಹೋದದ್ದುಂಟು. ಗಂಡನೊಡನೆ ಹದಿನೆಂಟು ವರ್ಷ ಮಾತು ಬಿಟ್ಟಿದ್ದ ತಿಪಟೂರಿನ ಹೆಂಗಸೊಬ್ಬಳು, ಅವನ ಕಥೆ ಕೇಳುತ್ತ ಕೇಳುತ್ತ ಅರಸೀಕೆರೆ ಬರುವಷ್ಟರಲ್ಲಿ "ಕೇಳಿಸ್ಕೊಂಡ್ರಾ?" ಎಂದು ಗಂಡನ ಕಡೆ ತಿರುಗಿದ್ದಳು.

ತಿಂಗಳಿಗೊಮ್ಮೆ ಅವನು ಕರಿ ಕಂಬಳಿಯ ಗಂಟು ಹೊತ್ತು ರಾತ್ರಿ ರೈಲು ಹತ್ತಿ ಬೆಂಗಳೂರಿನ ಅಂಗಡಿಯೊಂದಕ್ಕೆ ಹೋಗುತ್ತಿದ್ದ. ಹೆಂಡತಿ ದುರ್ಗವ್ವ ನೂತು, ಅವನು ನೇಯ್ದ ಕಂಬಳಿ. ಹೊದಿಸಿದರೆ ಆಲಿಕಲ್ಲು ಕೂಡ ಬೆವರಬೇಕು, ಅಂಥದು.

ಕಂಬಳಿಯ ಜೊತೆಗೆ ಅವನು ಮಗಳನ್ನೂ ಒಯ್ಯುತ್ತಿದ್ದ. ಇಲ್ಲದ ಮಗಳನ್ನು.

ಹುಟ್ಟಿದ್ದು ಮಾತ್ರ ಖರೆ. ಇಪ್ಪತ್ತಾರು ವರ್ಷದ ಹಿಂದೆ ಹುಟ್ಟಿ, ಹನ್ನೊಂದು ದಿನ ಇದ್ದು ಹೋದಳು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ, ಸೋದರತ್ತೆ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವುದಿತ್ತು. ಕೇಳಿ ತಂದಿದ್ದ ತೊಟ್ಟಿಲು ಆ ದಿನವೇ ಹಗ್ಗ ಸಹ ಬಿಚ್ಚದೆ ಯಾರದೋ ಮನೆಗೆ ತಿರುಗಿ ಹೋಯಿತು. ಹೆಸರೇ ಇಲ್ಲದವಳನ್ನು ಏನೆಂದು ಕರೆದು ಅಳುವುದು? ದುರ್ಗವ್ವ ಆ ಮಾತು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮುಂದೆ ಮಕ್ಕಳಾಗಲಿಲ್ಲ. ಊರಿಗೆಲ್ಲ ಮಾತಿನ ಮಲ್ಲನಾದವನು ಮನೆಯ ಹೊಸ್ತಿಲು ದಾಟಿದರೆ "ರೊಟ್ಟಿ ಹಾಕು", "ದೀಪಾ ಆರಸು" ಎಂಬಲ್ಲಿಗೆ ಮುಗಿಸುತ್ತಿದ್ದ. ಮೂರನೆಯ ಮಾತಾಡಿದರೆ ನಾಲ್ಕನೆಯದು ಆ ಕೂಸಿನದೇ ಆದೀತೆಂಬ ಅಂಜಿಕೆ.

ಆದರೆ ರೈಲಿನಲ್ಲಿ ಮಗಳು ಬೆಳೆದಳು. ಒಂದು ತಿಂಗಳು ತಹಶೀಲ್ದಾರಳಾಗಿ ಮೂರು ತಾಲ್ಲೂಕನ್ನು ಒಂದೇ ಸಹಿಯಲ್ಲಿ ನಡುಗಿಸಿದಳು. ಮರುತಿಂಗಳು ಡಾಕ್ಟರಳಾಗಿ ಸತ್ತವನ ನಾಡಿ ಹಿಡಿದು ಎಬ್ಬಿಸಿ ಚಹಾ ಕುಡಿಸಿದಳು. ಒಮ್ಮೆಯಂತೂ ವಿಮಾನವನ್ನು ಗುಡಗೇರಿಯ ಸಂತೆಯ ಮೇಲೆ ಎಷ್ಟು ಕೆಳಗೆ ಹಾರಿಸಿದಳೆಂದರೆ, ದುರ್ಗವ್ವ ಕೈ ಎತ್ತಿ ರೊಟ್ಟಿಯ ಬುತ್ತಿ ಕೊಟ್ಟಳು. ಪ್ರತಿ ಸಲ ಹೊಸ ಹೆಸರು, ಹೊಸ ನೌಕರಿ. ವಯಸ್ಸು ಮಾತ್ರ ಒಂದು ದಿನವೂ ಹೆಚ್ಚುಕಡಿಮೆ ಹೇಳಿದವನಲ್ಲ.

ಅದಕ್ಕೊಂದು ಕಟ್ಟಳೆಯೂ ಇತ್ತು. ರೈಲು ಹರಿಹರದ ಹತ್ತಿರ ತುಂಗಭದ್ರೆ ದಾಟುವವರೆಗೆ ಮಗಳ ಸುದ್ದಿಗೆ ಬಾಯಿ ಬಿಡಬಾರದು. ನಮ್ಮ ಸೀಮೆಯ ಇಬ್ಬರು ಚಂದ್ರನ ಮೇಲೆ ಎದುರಾದರೂ ಯಾವೂರು, ಯಾರ ಪೈಕಿ, ಅವರು ನಿಮಗೇನಾಗಬೇಕು ಎಂಬ ಮೂರು ಪ್ರಶ್ನೆ ಮುಗಿಯುವುದರೊಳಗೆ ಬೀಗರಾಗಿರುತ್ತಾರೆ. ಹಾಗೆ ಯಾರಾದರೂ ಈ ಸುಳ್ಳನ್ನು ಒಯ್ದು ದುರ್ಗವ್ವನ ಕಿವಿಗೆ ಹಾಕಿದರೆ? ಸತ್ತ ಕೂಸನ್ನು ಪರವೂರಿನವರ ಮುಂದೆ ಕುಣಿಸುತ್ತಾನೆ ಎಂದು ಅವಳು ತಿಳಿದರೆ? ಅದೊಂದನ್ನು ನೆನೆದರೆ ಅವನ ಮೀಸೆ ಕೂಡ ತಣ್ಣಗಾಗುತ್ತಿತ್ತು.

ಆ ರಾತ್ರಿ ಕಟ್ಟಳೆ ಮುರಿಯಿತು.

ಎದುರಿನ ಸೀಟಿನಲ್ಲಿ ಬೆಂಗಳೂರಿನ ಹುಡುಗಿ ಕೂತಿದ್ದಳು. ಹೆಸರು ನಾಜಮೀನ್, ಹುಬ್ಬಳ್ಳಿಯಲ್ಲಿ ನೌಕರಿಯ ಪರೀಕ್ಷೆ ಬರೆದು ತಿರುಗಿ ಹೊರಟವಳು. ಬಾಜುವಿನ ಬರ್ತಿನಲ್ಲಿ ಸೀರೆಯಲ್ಲಿ ಸುತ್ತಿಟ್ಟ ಒಂದು ದೊಡ್ಡ ಚೀಲ. ಬೇರೆ ಯಾರೂ ಇಲ್ಲ. ಹೊಳೆಯಪ್ಪ ಹಾವೇರಿಯವರೆಗೆ ಮಳೆ, ಕುರಿ, ಹತ್ತಿ ಎಂದು ಹಲ್ಲು ಕಚ್ಚಿಕೊಂಡೇ ಮಾತಾಡಿದ. ಬ್ಯಾಡಗಿಯಲ್ಲಿ ರೈಲು ನಿಂತಾಗ ಅವಳು ನಕ್ಕು, "ಇದೇ ಕೊನೇ ಪರೀಕ್ಷೆ ಅಂಕಲ್. ಇಪ್ಪತ್ತಾರಾಯ್ತು, ಇನ್ನೆಷ್ಟು ಬರೆಯೋದು?" ಎಂದಳು.

ಇಪ್ಪತ್ತಾರು. ಹೊಳೆಯಪ್ಪ ಅವಳ ಮುಖ ನೋಡಿದ, ಕೈ ನೋಡಿದ, ಮೊಣಕಾಲ ಮೇಲಿನ ಪುಸ್ತಕ ನೋಡಿದ. ಇಷ್ಟು ಉದ್ದ ಆಗಿರುತ್ತಿದ್ದಳು.

"ನಮ್ಮಾಕಿಗೂ ಇಪ್ಪತ್ತಾರ ನೋಡವ್ವಾ," ಅಂದುಬಿಟ್ಟ. ತುಂಗಭದ್ರೆ ಇನ್ನೂ ಬಹಳ ದೂರವಿತ್ತು.

"ಹೌದಾ? ಏನ್ ಮಾಡ್ತಾರೆ?"

"ಪಿಎಸ್ಐ ಅದಾಳ. ಸುಧಾರಾಣಿ ಅಂತ. ಆಕಿ ಸೀಟಿ ಊದಿದ್ರ ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ನ್ಯಾಗ ಗಾಡಿ ಅಷ್ಟ ಅಲ್ಲ, ಹಾರೂ ಕಾಗಿನೂ ನಿಂದರ್ತಾವು. ಮೊನ್ನೆ ಏನಾತು, ಒಬ್ಬ ಕಳ್ಳ…"

"ಕಾಕಾರ," ಎಂದಿತು ಬಾಜುವಿನ ಚೀಲ. "ನಿಮ್ಮದು ಯಾವೂರ್ರಿ?"

ಚೀಲ ಎದ್ದು ಕೂತು, ಮುಖದ ಮೇಲಿನ ಸೆರಗು ಸರಿಸಿ, ಐವತ್ತರ ಗಟ್ಟಿ ಹೆಂಗಸಾಯಿತು. ಹೊಳೆಯಪ್ಪನ ಎದೆ ಬಡಿದ ಸದ್ದಿಗೆ ಗಾರ್ಡು ಹಸಿರು ದೀಪ ತೋರಿಸಿರಬೇಕು, ರೈಲು ಬ್ಯಾಡಗಿ ಬಿಟ್ಟಿತು.

ಬೇರೆ ಊರು ಹೇಳಬಹುದಿತ್ತು. ಆದರೆ ಕಾಲ ಬಳಿಯ ಗಂಟಿನ ಮೇಲೆ 'ಗುಡಗೇರಿ' ಎಂದು ಅವನೇ ಮೊಳದುದ್ದದ ಅಕ್ಷರದಲ್ಲಿ ಬರೆದಿದ್ದ.

"ಗುಡಗೇರಿರಿ."

"ಯಾರ ಪೈಕಿ?"

"ಕಂಬಳಿ ನೇಯೋರ ಪೈಕಿ."

"ಅಯ್ಯ ಶಿವನ! ಹಂಗಾರ ಉಣ್ಣಿ ನೂಲೂ ದುರ್ಗವ್ವ ನಿಮಗೇನಾಗಬೇಕ್ರಿ?"

ಮೂರೂ ಮುಗಿದವು. ಮೀಸೆಯ ಬಗ್ಗೆ ಸುಳ್ಳು ಹೇಳಬಹುದು, ಮಳೆಯ ಬಗ್ಗೆ ಹೇಳಬಹುದು. ಹೆಂಡತಿಯನ್ನು ಯಾರೋ ಎನ್ನಲು ನಾಲಿಗೆ ಏಳಲಿಲ್ಲ.

"ನಮ್ಮ ಮನಿಯಾಕಿರಿ," ಅಂದ.

ಹೆಂಗಸು ಎರಡೂ ಕೈ ತಟ್ಟಿದಳು. "ಅನ್ನಪೂರ್ಣಾನ ಅಪ್ಪಾರೇನ್ರಿ ನೀವು!"

ಹೊಳೆಯಪ್ಪನಿಗೆ ಹಳಿ, ಗಾಲಿ, ಗಾಳಿ ಎಲ್ಲದರ ಸದ್ದೂ ಒಮ್ಮೆಲೆ ನಿಂತಂತಾಯಿತು.

"ನಾ ಮಿಶ್ರಿಕೋಟಿ ಸುಶೀಲವ್ವರಿ. ಹರಿಹರಕ್ಕ ತಂಗಿ ಮನಿಗೆ ಹೊಂಟೇನಿ. ನಿಮ್ಮ ದುರ್ಗವ್ವ ವರ್ಷಕ್ಕೊಮ್ಮೆ ನಮ್ಮೂರಿಗೆ ಭತ್ತಾ ಕೊಯ್ಯಾಕ ಬರ್ತಾಳಲ್ರಿ, ನಮ್ಮ ಅಂಗಳದಾಗ ಇರೂದು. ಎಂಟ ದಿನಾ ಬಾಜೂಕ ಮಲಗ್ತೇವಿ. ಮಗಳ ಸುದ್ದಿ ಬಿಟ್ರ ಬ್ಯಾರೆ ಸುದ್ದಿನ ಇಲ್ಲ ಆಕಿಗೆ! ಆದ್ರ ಕನ್ನಡ ಸಾಲಿ ಟೀಚರ್ ಅಂದಿದ್ಲು. ನೀವು ನೋಡಿದ್ರ ಸುಧಾರಾಣಿ ಅಂತೀರಿ, ಪಿಎಸ್ಐ ಅಂತೀರಿ?"

"ಕಾಗದದಾಗ ಸುಧಾರಾಣಿರಿ," ಅಂದ ಹೊಳೆಯಪ್ಪ. ಸುಳ್ಳು ತಾನಾಗಿ ಬಂತು. ದನಿ ಮಾತ್ರ ಅವನದಾಗಿರಲಿಲ್ಲ. "ಮನ್ಯಾಗ ಅನ್ನಪೂರ್ಣಾ. ಮೊದಲ ಟೀಚರ ಇದ್ಲು. ಮತ್ತ… ಮತ್ತ ಏನೇನ್ ಹೇಳ್ಯಾಳ್ರಿ?"

"ನಿಮ್ಮ ಮಗಳ ಸುದ್ದಿ ನನ್ನ ಕೇಳ್ತೀರಲ್ರಿ ಕಾಕಾ!"

"ತಾಯಿ ಹೇಳೂದು ಬ್ಯಾರೇನ ಇರತೈತ್ರಿ. ಹೇಳ್ರಿ ಅಷ್ಟ. ಎಲ್ಲಾ ಹೇಳ್ರಿ."

ಸುಶೀಲವ್ವ ಕಾಲು ಮಡಚಿ ಕೂತಳು. ಎಡಗೈಲೆ ಬರೀತಾಳಂತಲ್ರಿ ಅಂದಳು. ಸಾಲಿಯಾಗ ಮಾಸ್ತರು ಎಷ್ಟು ಹೊಡೆದರೂ ಬಲಗೈಗೆ ಬರಲಿಲ್ಲವಂತೆ. ಹಲ್ಲಿ ಕಂಡರೆ ಓಣಿಯೆಲ್ಲ ಕೂಡುವ ಹಾಗೆ ಚೀರುತ್ತಾಳಂತೆ. ಬದನೆಕಾಯಿ ಪಲ್ಯ ಇದ್ದ ದಿನ ಎರಡು ರೊಟ್ಟಿ ಹೆಚ್ಚು. ತಲೆ ಬಾಚಿಸಿಕೊಳ್ಳುವಾಗ ಸುಮ್ಮನೆ ಕೂಡುವುದಿಲ್ಲ. ನಿದ್ದೆಯಲ್ಲಿ ತಾಯಿಯ ಕಿವಿಯ ಓಲೆ ಹಿಡಿದುಕೊಂಡೇ ಮಲಗುತ್ತಿದ್ದಳು, ಏಳು ವರ್ಷದವಳಾಗುವ ತನಕ.

ಹೊಳೆಯಪ್ಪ ಬಾಯಿ ತೆರೆದುಕೊಂಡು ಕೇಳಿದ. ಇಷ್ಟು ವರ್ಷ ಮಗಳಿಗೆ ಜೀಪು ಕೊಟ್ಟಿದ್ದ, ವಿಮಾನ ಕೊಟ್ಟಿದ್ದ. ಅವಳು ಯಾವ ಕೈಯಲ್ಲಿ ಬರೆಯುತ್ತಾಳೆಂದು ಒಮ್ಮೆಯೂ ಯೋಚಿಸಿರಲಿಲ್ಲ. ರಾಣೆಬೆನ್ನೂರು ಬಂತು, ಹೋಯಿತು. ಪ್ರತಿ ತಿಂಗಳು ಯಾವಾಗ ಹೊಳೆ ಬಂದೀತು ಎಂದು ಕಿಟಕಿಗೆ ಮುಖ ಒತ್ತುತ್ತಿದ್ದವನು ಇಂದು ಆ ಹೊಳೆಯನ್ನು ಹತ್ತು ಹರದಾರಿ ಆಚೆ ಸರಿಸಲು ತನ್ನ ಎಲ್ಲ ಕಂಬಳಿಯನ್ನೂ ಕೊಡುತ್ತಿದ್ದ, ಮೇಲೆ ಕುರಿಯನ್ನೂ.

ಸುಶೀಲವ್ವ ತನ್ನ ಕೈಚೀಲ ಎತ್ತಿಕೊಂಡು ಎದ್ದಳು. "ಹರಿಹರ ಬಂತ್ರಿ, ಬಾಗಲಕ್ಕ ಹೋಗ್ತೇನಿ. ಇನ್ನೊಂದ ಮರತಿದ್ದೆ ನೋಡ್ರಿ ಕಾಕಾ. ಹೋದ ಸುಗ್ಗ್ಯಾಗ ಇದನ್ನ ಹೇಳಿ ದುರ್ಗವ್ವ ಕಣ್ಣಾಗ ನೀರ ತಗದಿದ್ಲು. ಅನ್ನಪೂರ್ಣಾ ನಿಮ್ಮನ್ನ ಕಂಡಾಗೊಮ್ಮೆ ಏನಂತಾಳಂದ್ರ…"

ಆಗ ರೈಲು ಸೇತುವೆ ಹತ್ತಿತು. ಸಾವಿರ ಡೊಳ್ಳು ಒಮ್ಮೆಲೆ ಬಡಿದಂಥ ಸದ್ದು. ಸುಶೀಲವ್ವನ ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು. ಒಂದು ಮಾತೂ ಕೇಳಿಸಲಿಲ್ಲ. ಸದ್ದು ನಿಲ್ಲುವಷ್ಟರಲ್ಲಿ ಬಾಗಿಲಲ್ಲಿ ಇಳಿಯುವವರ ಗದ್ದಲ. ಹೊಳೆಯಪ್ಪ ಗಂಟು ಎಡವಿ, ಯಾರದೋ ಕಾಲು ತುಳಿದು, ಬೈಸಿಕೊಂಡು ಬಾಗಿಲಿಗೆ ಬಂದಾಗ ಸುಶೀಲವ್ವ ಪ್ಲಾಟ್‌ಫಾರ್ಮಿನ ಮಂದಿಯಲ್ಲಿ ಬೆನ್ನು ಮಾತ್ರ ಆಗಿದ್ದಳು.

"ಯವ್ವಾ! ಏನಂತಾಳ್ರಿ? ನನ್ನ ಕಂಡಾಗ ಏನಂತಾಳ?"

ಅವಳು ತಿರುಗಿ ಕೈ ಬೀಸಿ, "ಹೌದ್ರಿ, ಹೌದ್ರಿ, ಬರ್ತೇನ್ರಿ!" ಎಂದಳು. ರೈಲು ಹೊರಟಿತು.

ತಿರುಗಿ ಬಂದು ಕೂತವನ ಮುಂದೆ ನಾಜಮೀನ್ ನೀರಿನ ಬಾಟಲಿ ಹಿಡಿದಳು. ಅವನ ಮುಖವನ್ನು ಬಹಳ ಹೊತ್ತು ನೋಡಿದ ಮೇಲೆ, "ಆ ಕಳ್ಳ ಏನಾದ ಅಂಕಲ್?" ಎಂದು ಮೆಲ್ಲಗೆ ಕೇಳಿದಳು.

"ಓಡಿ ಹೋದ್ನವ್ವಾ," ಅಂದ ಹೊಳೆಯಪ್ಪ.

ಹರಿಹರ ಬಿಟ್ಟ ಮೇಲೆ ಅವನು ಆಡಿದ್ದು ಅದೊಂದೇ ಮಾತು. ಬೆಂಗಳೂರಿನವರೆಗೆ ಡಬ್ಬಿ ಎಷ್ಟು ಸ್ತಬ್ಧವಾಗಿತ್ತೆಂದರೆ, ಏನೋ ಕೆಟ್ಟಿರಬೇಕೆಂದು ರೈಲು ತನ್ನನ್ನು ತಾನೇ ಎರಡು ಸಲ ನಿಲ್ಲಿಸಿ ನೋಡಿಕೊಂಡಿತು.

ಮೂರನೆಯ ದಿನ ಬೆಳಿಗ್ಗೆ ಅವನು ಗುಡಗೇರಿಯಲ್ಲಿ ಇಳಿದು ಮನೆಗೆ ಬಂದ. ದುರ್ಗವ್ವ ಅಂಗಳದ ಬಿಸಿಲಿಗೆ ಕೂತು ಉಣ್ಣೆ ನೂಲುತ್ತಿದ್ದಳು. "ರೊಟ್ಟಿ ಮುಚ್ಚಿಟ್ಟೇನಿ," ಎಂದಳು, ತಲೆ ಎತ್ತದೆ. ದಿನದ ಎರಡು ಮಾತಿನಲ್ಲಿ ಒಂದು ಮುಗಿಯಿತು.

ಹೊಳೆಯಪ್ಪ ಒಳಗೆ ಹೋಗಲಿಲ್ಲ. ಅವಳೆದುರು ನೆಲದ ಮೇಲೆ ಕೂತ. ಕೇಳಿದರೆ ಈ ಮನೆಯಲ್ಲಿ ಇಪ್ಪತ್ತಾರು ವರ್ಷ ಮುಚ್ಚಿಟ್ಟದ್ದು ತೆರೆಯುತ್ತದೆ. ಕೇಳದಿದ್ದರೆ ಆ ಒಂದು ಮಾತು ತುಂಗಭದ್ರೆಯ ಮೇಲೇ ಉಳಿಯುತ್ತದೆ.

"ಅನ್ನಪೂರ್ಣಾ," ಅಂದ. "ನನ್ನ ಕಂಡಾಗ ಏನಂತಾಳ?"

ನೂಲು ಹರಿಯಿತು. ದುರ್ಗವ್ವ ಹರಿದ ತುದಿಯನ್ನು ಹುಡುಕಲಿಲ್ಲ.

"ಯಾರ ಹೇಳಿದ್ರು?"

"ಮಿಶ್ರಿಕೋಟಿ ಸುಶೀಲವ್ವ. ರೈಲಿನ್ಯಾಗ. ಕಡೀ ಮಾತ ಕೇಳಸಲಿಲ್ಲ. ಸೇತುವಿ ಬಂತು." ಅಷ್ಟಕ್ಕೆ ನಿಲ್ಲಿಸಲಾಗಲಿಲ್ಲ ಅವನಿಗೆ. "ನಾನೂ ಹೇಳ್ತೇನಿ ದುರ್ಗಿ, ರೈಲಿನ್ಯಾಗ, ಎಲ್ಲಾರ ಮುಂದ. ಬ್ಯಾರೆ ಬ್ಯಾರೆ ಹೆಸರಿಟ್ಟ ಹೇಳ್ತೇನಿ. ಹೆಸರ ಗೊತ್ತಿರಲಿಲ್ಲಲ್ಲ ನನಗ. ಯಾವಾಗಿಟ್ಟಿ?"

"ಹನ್ನೆರಡನೇ ದಿನಾನ," ಎಂದಳು ದುರ್ಗವ್ವ. "ನೀವು ತೊಟ್ಟಲಾ ಹೊತ್ಕೊಂಡ ಕೊಡಾಕ ಹೋಗಿದ್ರಿ. ಕೂಸಿನ್ನ ಮಲಗಿಸಿದ್ದ ಅರಿಬಿಗೆ ಬಾಯಿ ಹಚ್ಚಿ, ಕುರ್ರ್ ಅಂದ ಹೇಳಿದೆ. ಒಬ್ಬಾಕಿನ."

ಓಣಿಯಲ್ಲಿ ಯಾರದೋ ಗಾಡಿ ಹೋಯಿತು.

"ಅಪ್ಪಾ ಅಂತಾಳ," ದುರ್ಗವ್ವ ಉಣ್ಣೆಯ ಕಡೆ ನೋಡುತ್ತ ಹೇಳಿದಳು. "ಅಪ್ಪಾ, ಊರ ಮಂದಿ ಮುಂದೆಲ್ಲಾ ಮಾತಾಡ್ತಿ. ನಮ್ಮವ್ವನ ಮುಂದ ಯಾಕ ಮಾತಾಡಂಗಿಲ್ಲ, ಅಂತಾಳ."

ಹೊಳೆಯಪ್ಪ ಮೀಸೆ ಸವರಿಕೊಳ್ಳಲು ಎತ್ತಿದ ಕೈಯಿಂದ ಕಣ್ಣು ಒರೆಸಿಕೊಂಡ. ದುರ್ಗವ್ವ ನೂಲಿನ ತುದಿಗೆ ತುದಿ ಕೂಡಿಸಿ ಹೊಸೆದಳು. ಆಮೇಲೆ ಕೇಳಿದಳು:

"ನೀವೇನ್ ಮಾಡೀರಿ ಆಕಿನ್ನ?"

"ಪಿಎಸ್ಐ."

"ಬ್ಯಾಡ. ಬಿಸಿಲಾಗ ನಿಂದರಬೇಕಾಗತೈತಿ. ಮೊದಲ ಆಕಿಗೆ ತಲಿ ನೋಯತೈತಿ."

"ತಲಿ ನೋಯತೈತೇನ? ಯಾವಾಗಿಂದ?"

"ಸಣ್ಣಾಕಿದ್ದಾಗಿಂದ," ಎಂದಳು ದುರ್ಗವ್ವ, ಸರಿದು ಅವನಿಗೆ ನೆರಳಿನಲ್ಲಿ ಜಾಗ ಮಾಡಿಕೊಡುತ್ತ. "ಕುಂದರ್ರಿ, ಹೇಳ್ತೇನಿ."